ಸೈನೈಡ್ ದಿಬ್ಬದ ಅಣುವನ್ನು ತಿರುಗಿಸಿ ನೋಡೋಣ

ಬಂಗಾರಪೇಟೆ ಜಂಕ್ಷನ್ನಿನಿಂದ ಮಾರಿಕುಪ್ಪಂ ಕಡೆಗೆ ಕವಲೊಡೆಯುವ ರೈಲು ಹಳಿ 1894ರದು. ಆ ಹಳಿಯಲ್ಲಿ ಕೋರಮಂಡಲ್, ಊರ್ಗಾಂ, ಚಾಂಪಿಯನ್ ನಿಲ್ದಾಣಗಳನ್ನು ದಾಟುವಾಗ ಕಿಟಕಿಯಾಚೆ ಬೂದು ಬಣ್ಣದ ದಿಬ್ಬಗಳ ಸಾಲು ಕಾಣುತ್ತದೆ. ಊರಿನವರ ಬಾಯಲ್ಲಿ ಅವು ಸೈನೈಡ್ ದಿಬ್ಬಗಳು. ನೂರಿಪ್ಪತ್ತು ವರ್ಷಗಳ ಗಣಿಗಾರಿಕೆ ಸುಮಾರು 800 ಟನ್ ಚಿನ್ನವನ್ನು ಇಲ್ಲಿಂದ ಹೊರಗೆ ಕಳುಹಿಸಿತು. ಅದಕ್ಕಾಗಿ ಅರೆದ ಬಂಡೆಯ ಹುಡಿ ಮಾತ್ರ, 3 ಕೋಟಿ ಟನ್ನಿಗೂ ಮಿಕ್ಕಿ, ಇಲ್ಲೇ ಉಳಿಯಿತು. ಇದು ಕೋಲಾರದ ಚಿನ್ನದ ಗಣಿಗಳ ಊರು, ಕೆಜಿಎಫ್. ಆ ಹೆಸರು ಕೇಳಿದರೆ ಈಗ ಊರಿಗಿಂತ ಮೊದಲು ಸಿನಿಮಾ ನೆನಪಾಗುತ್ತದೆ. ಆ ಬಂಡೆಯಿಂದ ಚಿನ್ನವನ್ನು ಬಿಡಿಸಿ ತಂದ ಅಣು ಯಾವ ಆಕಾರದ್ದು ಎಂದು ಕೇಳಿದರೆ ಮಾತ್ರ ಹೇಳಬಲ್ಲವರು ವಿರಳ.

ಐದೇ ಪರಮಾಣುಗಳ ಅಣು ಅದು. ನಡುವೆ ಒಂದು ಚಿನ್ನ, ಅದರ ಎರಡೂ ಪಕ್ಕ ಒಂದೊಂದು ಇಂಗಾಲ, ತುದಿಗಳಲ್ಲಿ ಒಂದೊಂದು ಸಾರಜನಕ. ಐದೂ ಒಂದೇ ನೇರ ಗೆರೆಯಲ್ಲಿವೆ. ಅದರ ಮೇಲೆ ಒಂದು ಋಣ ವಿದ್ಯುದಂಶ ಇರುವುದರಿಂದ ರಸಾಯನಶಾಸ್ತ್ರದ ಲೆಕ್ಕದಲ್ಲಿ ಅದು ಅಯಾನು, ಹೆಸರು ಡೈಸಯನೋಆರೇಟ್. ಪಿಯುಸಿ ರಸಾಯನಶಾಸ್ತ್ರ ಓದಿದವರಿಗೆ ಇದರ ಸಮೀಕರಣ ನೆನಪಿರಬಹುದು. ನಾಲ್ಕು ಚಿನ್ನದ ಪರಮಾಣುಗಳಿಗೆ ಎಂಟು ಸೈನೈಡ್, ಜೊತೆಗೆ ನೀರು ಮತ್ತು ಆಮ್ಲಜನಕ ಸೇರಿದರೆ ನಾಲ್ಕು ಡೈಸಯನೋಆರೇಟ್. ಪರೀಕ್ಷೆಗೆಂದು ಬಾಯಿಪಾಠ ಮಾಡಿದ ಆ ಸಾಲಿನಲ್ಲಿ ಅಣುವಿನ ಆಕಾರ ಇರಲಿಲ್ಲ.

ಆ ಆಕಾರವನ್ನು ಕಣ್ಣೆದುರು ತಂದು, ಬೆರಳಿನಿಂದ ತಿರುಗಿಸಿ ನೋಡುವಂತಹ ಪುಟ್ಟ ಪ್ರೋಗ್ರಾಂ ಬರೆಯಲು ಬೇಕಾದದ್ದು ಒಂದು ಹಳೆಯ ಲ್ಯಾಪ್‌ಟಾಪ್, ಅದರಲ್ಲಿರುವ ಬ್ರೌಸರ್, ನೋಟ್‌ಪ್ಯಾಡ್, ಹತ್ತನೇ ತರಗತಿಯ ತ್ರಿಕೋನಮಿತಿ ಮತ್ತು ನೂರು ಸಾಲಿನಷ್ಟು ಕೋಡ್. ಇಂಟರ್ನೆಟ್ ಕೂಡ ಬೇಡ. ಚಿನ್ನದ ಊರಿನ ವಿದ್ಯಾರ್ಥಿಗಳು ಈ ಅಣುವನ್ನು ಯಾರೋ ಮಾಡಿಟ್ಟ ಸಾಫ್ಟ್‌ವೇರಿನಲ್ಲಿ ನೋಡುವುದಕ್ಕಿಂತ ತಾವೇ ಕಟ್ಟಿ ನೋಡಬೇಕು. ಕಟ್ಟುವಾಗ ಮಾತ್ರ ಕಲಿಯುವ ಕೆಲವು ಸಂಗತಿಗಳು ಇದರಲ್ಲಿವೆ.

ಮೊದಲು ರಸಾಯನಶಾಸ್ತ್ರದ ಕಡೆಯಿಂದ ಸ್ವಲ್ಪ. ಚಿನ್ನ ಸುಲಭಕ್ಕೆ ಯಾವುದರಲ್ಲೂ ಕರಗದು. ಗ್ಲಾಸ್ಗೋದ ಜಾನ್ ಸ್ಟೂವರ್ಟ್ ಮ್ಯಾಕ್‌ಆರ್ಥರ್ ಮತ್ತು ಫಾರೆಸ್ಟ್ ಸೋದರರು 1887ರಲ್ಲಿ ಪೇಟೆಂಟ್ ಪಡೆದ ವಿಧಾನದಲ್ಲಿ, ನುಣ್ಣಗೆ ಅರೆದ ಅದಿರನ್ನು ತೆಳು ಸೈನೈಡ್ ದ್ರಾವಣದಲ್ಲಿ ನೆನೆಸಿ ಗಾಳಿ ಆಡಿಸಿದರೆ ಕಣ್ಣಿಗೆ ಕಾಣದಷ್ಟು ಸಣ್ಣ ಚಿನ್ನದ ಕಣವೂ ದ್ರಾವಣಕ್ಕೆ ಇಳಿಯುತ್ತದೆ. ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ನಡೆಸುತ್ತಿದ್ದ ಕೋಲಾರದ ಗಣಿಗಳಿಗೂ ಈ ವಿಧಾನ ಬಂತು. ದ್ರಾವಣಕ್ಕೆ ಸುಣ್ಣ ಬೆರೆಸಿ ಕ್ಷಾರೀಯವಾಗಿಯೇ ಇಡಬೇಕು. ಹುಳಿ ಅಂಶ ಹೆಚ್ಚಿದರೆ ಸೈನೈಡ್ ಜಲಜನಕವನ್ನು ಸೇರಿಸಿಕೊಂಡು ಪ್ರಾಣ ತೆಗೆಯುವ ಅನಿಲವಾಗಿ ಹೊರಬರುತ್ತದೆ. ಚಿನ್ನ ಕರಗಿದ ಮೇಲೆ ದ್ರಾವಣಕ್ಕೆ ಸತುವು ಹಾಕುತ್ತಾರೆ. ಸತುವು ಎರಡು ಎಲೆಕ್ಟ್ರಾನ್ ಬಿಟ್ಟುಕೊಟ್ಟು ತಾನು ನಾಲ್ಕು ಸೈನೈಡ್‌ಗಳನ್ನು ಹಿಡಿಯುತ್ತದೆ, ಎರಡು ಚಿನ್ನದ ಪರಮಾಣುಗಳು ಲೋಹವಾಗಿ ಕೆಳಗಿಳಿಯುತ್ತವೆ.

ಹೀಗೆ ಕೆಜಿಎಫ್ ಕಥೆಯಲ್ಲಿ ಎರಡು ಅಣುಗಳು ಸಿಕ್ಕವು. ಚಿನ್ನದ್ದು ನೇರ ಕಡ್ಡಿ. ಸತುವಿನದು ನಡುವಿನಿಂದ ನಾಲ್ಕು ದಿಕ್ಕಿಗೆ ಚಾಚಿದ ಆಕಾರ. ಹೊಲದ ಬದುವಿನ ನೆಗ್ಗಿಲ ಮುಳ್ಳು ಹೇಗೆ ಬಿದ್ದರೂ ಒಂದು ಮೊನೆ ಮೇಲಕ್ಕೇ ಇರುತ್ತದಲ್ಲ, ಹಾಗೆ. ಪ್ರೋಗ್ರಾಂ ಕಲಿಯಲು ಇವೆರಡಕ್ಕಿಂತ ಒಳ್ಳೆಯ ಜೋಡಿ ಸಿಗುವುದು ಕಷ್ಟ. ಒಂದು ಅತಿ ಸರಳ. ಇನ್ನೊಂದು, ತಿರುಗಿಸದೆ ಅರ್ಥವೇ ಆಗದು.

ಚಿತ್ರ ಬಿಡಿಸಲು ಬಳಸುವುದು ಎಸ್‌ವಿಜಿ ಎಂಬ ವೆಕ್ಟರ್ ಚಿತ್ರಭಾಷೆ. ಮೊಬೈಲಿನಲ್ಲಿ ತೆಗೆದ ಫೋಟೊ ಲಕ್ಷಾಂತರ ಬಣ್ಣದ ಚುಕ್ಕೆಗಳ ದಾಖಲೆ. ಹಿಗ್ಗಿಸಿದರೆ ಚುಕ್ಕೆ ಒಡೆದು ಮಸುಕಾಗುತ್ತದೆ. ವೆಕ್ಟರ್ ಚಿತ್ರದಲ್ಲಿ ಚುಕ್ಕೆಗಳಿಲ್ಲ, ಆಜ್ಞೆಗಳಿವೆ: ಇಂತಹ ಜಾಗದಲ್ಲಿ ಇಷ್ಟು ತ್ರಿಜ್ಯದ ವೃತ್ತ ಬರೆ, ಹಳದಿ ತುಂಬು, ಇಲ್ಲಿಂದ ಅಲ್ಲಿಗೆ ಇಷ್ಟು ದಪ್ಪದ ಗೆರೆ ಎಳೆ. ಆಜ್ಞೆ ಓದಿ ಚಿತ್ರ ಬರೆಯುವ ಕೆಲಸ ಬ್ರೌಸರಿನದು. ಹಾಗಾಗಿ ಮೊಬೈಲ್ ತೆರೆಯಲ್ಲಿ ಕಂಡ ಅದೇ ಅಣುವನ್ನು ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯ ಫ್ಲೆಕ್ಸ್ ಅಂಗಡಿಯಲ್ಲಿ ಆಳೆತ್ತರಕ್ಕೆ ಮುದ್ರಿಸಿದರೂ ಅಂಚು ಚೂಪಾಗಿಯೇ ಇರುತ್ತದೆ. ಶಾಲೆಯ ಗೋಡೆಗೆ ಚಾರ್ಟ್ ಮಾಡಿಸುವವರಿಗೆ ಇದು ಸಣ್ಣ ಅನುಕೂಲವಲ್ಲ.

ಎಸ್‌ವಿಜಿಯ ಮೊದಲ ಆವೃತ್ತಿ ಅಂತಾರಾಷ್ಟ್ರೀಯ ಮಾನದಂಡವಾದದ್ದು 2001ರ ಸೆಪ್ಟೆಂಬರಿನಲ್ಲಿ, ಅಂದರೆ ಕೆಜಿಎಫ್ ಗಣಿಗಳನ್ನು ನಡೆಸುತ್ತಿದ್ದ ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಮುಚ್ಚಿದ ವರ್ಷವೇ. ಆದರೂ ಅದು ಎಲ್ಲರ ಕೈಗೆ ಬರಲು ಹತ್ತು ವರ್ಷ ಹಿಡಿಯಿತು. ಇಂಟರ್ನೆಟ್ ಎಕ್ಸ್‌ಪ್ಲೋರರ್ ಅದನ್ನು ನೇರವಾಗಿ ತೋರಿಸಲು ಶುರುಮಾಡಿದ್ದು 2011ರ ಒಂಬತ್ತನೇ ಆವೃತ್ತಿಯಲ್ಲಿ. ಇವತ್ತು ಎಸ್‌ವಿಜಿ ಗೊತ್ತಿಲ್ಲದ ಬ್ರೌಸರ್ ಇಲ್ಲ.

ಗೆರೆಗಳಿಂದ ಅಣು ಬರೆಯುವ ವಿದ್ಯೆ ಅದಕ್ಕಿಂತ ಬಹಳ ಹಿಂದಿನದು. ಅಮೆರಿಕದ ಎಂಐಟಿಯಲ್ಲಿ ಸೈರಸ್ ಲೆವಿಂತಾಲ್ ಮತ್ತು ಸಂಗಡಿಗರು 1960ರ ದಶಕದ ನಡುವಿನಲ್ಲಿ ಪ್ರೋಟೀನಿನ ಅಣುವನ್ನು ಕಂಪ್ಯೂಟರ್ ತೆರೆಯ ಮೇಲೆ ಬರೀ ಗೆರೆಗಳಲ್ಲಿ ಮೂಡಿಸಿದರು. ಒಂದು ಗೋಳವನ್ನು ಕೈಯಿಂದ ಹೊರಳಿಸಿದರೆ ತೆರೆಯ ಮೇಲಿನ ಅಣುವೂ ಹೊರಳುತ್ತಿತ್ತು. ಚಪ್ಪಟೆ ಗೆರೆಗಳ ಗೋಜಲು ತಿರುಗತೊಡಗಿದ ಕೂಡಲೇ ಕಣ್ಣು ಅದಕ್ಕೆ ಆಳವನ್ನು ಕೊಡುತ್ತದೆ. ಇಡೀ ತಂತ್ರದ ಜೀವ ಇರುವುದು ಈ ಒಂದು ಸಂಗತಿಯಲ್ಲಿ. ಅಂದು ಅದಕ್ಕೆ ಒಂದು ದೊಡ್ಡ ಪ್ರಯೋಗಾಲಯದ ಯಂತ್ರ ಬೇಕಿತ್ತು.

ಇನ್ನು ಕಟ್ಟುವ ಕೆಲಸ. ಪರಮಾಣುಗಳ ನಡುವಿನ ದೂರವನ್ನು ಆಂಗ್‌ಸ್ಟ್ರಾಂಗಳಲ್ಲಿ ಅಳೆಯುತ್ತಾರೆ. ಒಂದು ಮಿಲಿಮೀಟರಿನಲ್ಲಿ ಒಂದು ಕೋಟಿ ಆಂಗ್‌ಸ್ಟ್ರಾಂ. ಚಿನ್ನದಿಂದ ಇಂಗಾಲಕ್ಕೆ ಸುಮಾರು 2, ಇಂಗಾಲದಿಂದ ಸಾರಜನಕಕ್ಕೆ ಸುಮಾರು 1.15. ಚಿನ್ನವನ್ನು ಸೊನ್ನೆಯಲ್ಲಿ ಇಟ್ಟರೆ ಇಂಗಾಲಗಳು 2 ಮತ್ತು −2ರಲ್ಲಿ, ಸಾರಜನಕಗಳು 3.15 ಮತ್ತು −3.15ರಲ್ಲಿ ಕೂರುತ್ತವೆ. ಪ್ರತಿ ಪರಮಾಣುವಿಗೂ ಎಕ್ಸ್, ವೈ, ಝಡ್ ಎಂಬ ಮೂರು ಸಂಖ್ಯೆ. ಇಲ್ಲಿ ವೈ ಮತ್ತು ಝಡ್ ಎಲ್ಲಕ್ಕೂ ಸೊನ್ನೆ. ಐದು ಸಾಲುಗಳಲ್ಲಿ ಅಣುವಿನ ಇಡೀ ವಿವರ ಮುಗಿಯಿತು.

ತೆರೆಯ ಮೇಲೆ 400 ಪಿಕ್ಸೆಲ್ ಉದ್ದ, 400 ಪಿಕ್ಸೆಲ್ ಅಗಲದ ಚೌಕ ತೆಗೆದುಕೊಳ್ಳಿ. ಒಂದು ಆಂಗ್‌ಸ್ಟ್ರಾಮಿಗೆ 40 ಪಿಕ್ಸೆಲ್ ಎಂದು ಅಳತೆ ಕಟ್ಟಿ, ನಡುವಿನ 200ರಲ್ಲಿ ಚಿನ್ನವನ್ನು ಇಟ್ಟರೆ ಇಂಗಾಲಗಳು 120 ಮತ್ತು 280ಕ್ಕೆ, ಸಾರಜನಕಗಳು 74 ಮತ್ತು 326ಕ್ಕೆ ಬರುತ್ತವೆ. ಪರಮಾಣುವಿಗೆ ಒಂದು ವೃತ್ತ, ಬಂಧಕ್ಕೆ ಒಂದು ಗೆರೆ. ಬಣ್ಣದ ವಿಷಯದಲ್ಲಿ ಹಳೆಯ ರೂಢಿಯಿದೆ. ಜರ್ಮನಿಯ ಆಗಸ್ಟ್ ವಿಲ್‌ಹೆಲ್ಮ್ ಹಾಫ್‌ಮನ್ 1865ರಲ್ಲಿ ಲಂಡನ್ನಿನ ಉಪನ್ಯಾಸವೊಂದರಲ್ಲಿ ಕ್ರೋಕೆ ಆಟದ ಚೆಂಡುಗಳಿಗೆ ಬಣ್ಣ ಬಳಿದು ಅಣು ತೋರಿಸಿದ್ದರು. ಇಂಗಾಲ ಕಪ್ಪು, ಸಾರಜನಕ ನೀಲಿ, ಆಮ್ಲಜನಕ ಕೆಂಪು, ಜಲಜನಕ ಬಿಳಿ ಎಂಬ ಕ್ರಮ ಅಲ್ಲಿಂದ ಇಂದಿನವರೆಗೆ ಬಂದಿದೆ. ಚಿನ್ನಕ್ಕೆ ಹಳದಿ ಎಂದು ಯಾರೂ ಹೇಳಿಕೊಡಬೇಕಿಲ್ಲ.

ಇಲ್ಲಿ ಹೊಸಬರು ಎಡವುವ ಒಂದು ಜಾಗವಿದೆ. ಜಾವಾಸ್ಕ್ರಿಪ್ಟಿನಲ್ಲಿ ವೃತ್ತವನ್ನು ಹುಟ್ಟಿಸುವಾಗ ಪುಟದ ಉಳಿದ ಭಾಗಗಳಿಗೆ ಬಳಸುವ ಸಾಮಾನ್ಯ ಆಜ್ಞೆ ಕೊಟ್ಟರೆ ವೃತ್ತ ಹುಟ್ಟುತ್ತದೆ, ಕಾಣುವುದಿಲ್ಲ. ಇದು ಎಸ್‌ವಿಜಿ ಕುಟುಂಬದ್ದು ಎಂದು ಬ್ರೌಸರಿಗೆ ಸ್ಪಷ್ಟವಾಗಿ ತಿಳಿಸುವ ಕ್ರಿಯೇಟ್‌ಎಲಿಮೆಂಟ್‌ಎನ್ಎಸ್ ಎಂಬ ಬೇರೆ ಆಜ್ಞೆಯನ್ನೇ ಬಳಸಬೇಕು. ಯಾವ ದೋಷ ಸಂದೇಶವೂ ಬಾರದೆ ತೆರೆ ಖಾಲಿ ಉಳಿದರೆ ಮೊದಲು ನೋಡಬೇಕಾದದ್ದು ಇದನ್ನೇ.

ತಿರುಗಿಸುವುದು ಹೇಗೆ? ನಿಂತ ಅಕ್ಷದ ಸುತ್ತ ಒಂದು ಕೋನದಷ್ಟು ತಿರುಗಿಸಿದರೆ ಹೊಸ ಎಕ್ಸ್ ಎಂದರೆ ಹಳೆಯ ಎಕ್ಸ್ ಗುಣಿಸು ಕೊಸೈನ್, ಅದಕ್ಕೆ ಹಳೆಯ ಝಡ್ ಗುಣಿಸು ಸೈನ್ ಕೂಡು. ಹೊಸ ಝಡ್ ಎಂದರೆ ಹಳೆಯ ಝಡ್ ಗುಣಿಸು ಕೊಸೈನ್, ಅದರಿಂದ ಹಳೆಯ ಎಕ್ಸ್ ಗುಣಿಸು ಸೈನ್ ಕಳೆ. ವೈ ಬದಲಾಗದು. ಎರಡನೇ ಲೆಕ್ಕದಲ್ಲೂ ಹಳೆಯ ಎಕ್ಸ್ ಬೇಕು. ಆಗಷ್ಟೇ ಸಿಕ್ಕ ಹೊಸ ಎಕ್ಸ್ ಬಳಸಿಬಿಟ್ಟರೆ ಅಣು ತಿರುಗುತ್ತಾ ತಿರುಗುತ್ತಾ ಸೊಟ್ಟಗಾಗುತ್ತದೆ. ಕೋನವನ್ನು ಡಿಗ್ರಿಯಲ್ಲಿ ಕೊಡದೆ ರೇಡಿಯನ್ನಿಗೆ ಬದಲಿಸಿ ಕೊಡಬೇಕು.

ಲೆಕ್ಕ ಸರಿಯೇ ಎಂದು ಪರೀಕ್ಷಿಸಲು ಚಿನ್ನದ ಅಣುವೇ ಸಾಕು. 60 ಡಿಗ್ರಿ ತಿರುಗಿಸಿ. ಕೊಸೈನ್ 60 ಅರ್ಧ. ಆದ್ದರಿಂದ ನಡುವಿನಿಂದ 80 ಪಿಕ್ಸೆಲ್ ದೂರವಿದ್ದ ಇಂಗಾಲ 40ಕ್ಕೆ, 126 ದೂರವಿದ್ದ ಸಾರಜನಕ 63ಕ್ಕೆ ಬರಬೇಕು. 90 ಡಿಗ್ರಿಗೆ ಐದೂ ಪರಮಾಣುಗಳು ಒಂದರ ಹಿಂದೊಂದು ನಿಂತು, ನೋಡುವವರಿಗೆ ಹತ್ತಿರದ ಸಾರಜನಕವೊಂದೇ ಎದುರು ಉಳಿಯಬೇಕು.

ಉಳಿಯುವುದಿಲ್ಲ! ಮೊದಲ ಬಾರಿ ಬರೆದ ಪ್ರೋಗ್ರಾಮಿನಲ್ಲಿ ಹಿಂದಿರಬೇಕಾದ ಪರಮಾಣು ಮುಂದಿನದರ ಮೇಲೆ ಬಂದು ಕೂತಿರುತ್ತದೆ. ಕಾರಣ, ಎಸ್‌ವಿಜಿಗೆ ಆಳ ಗೊತ್ತಿಲ್ಲ. ಪಟ್ಟಿಯಲ್ಲಿ ಯಾವುದು ಕೊನೆಗೆ ಬರುತ್ತದೋ ಅದನ್ನು ಎಲ್ಲಕ್ಕಿಂತ ಮೇಲೆ ಬರೆಯುತ್ತದೆ, ಅಷ್ಟೆ. ಪರಿಹಾರವನ್ನು ಕಂಪ್ಯೂಟರ್ ಜಗತ್ತು ಚಿತ್ರಕಾರನ ವಿಧಾನ ಎಂದು ಕರೆಯುತ್ತದೆ: ದೂರದ್ದನ್ನು ಮೊದಲು ಬರೆ, ಹತ್ತಿರದ್ದನ್ನು ಕೊನೆಗೆ. ಪ್ರತಿ ಸಲ ತಿರುಗಿದ ಮೇಲೂ ಝಡ್ ಬೆಲೆಯ ಪ್ರಕಾರ ಪಟ್ಟಿಯನ್ನು ಮತ್ತೆ ಜೋಡಿಸಬೇಕು. ಬಂಧದ ಗೆರೆಗೆ ಅದರ ಎರಡು ತುದಿಗಳ ಝಡ್ ಸರಾಸರಿ ಹಿಡಿದರೆ ಸಾಕು. ಹಳೆಯ ವೃತ್ತಗಳನ್ನು ಅಳಿಸಿ ಹೊಸದನ್ನು ಸೃಷ್ಟಿಸುವ ಅಗತ್ಯವಿಲ್ಲ. ಇರುವ ವೃತ್ತವನ್ನೇ ಮತ್ತೊಮ್ಮೆ ಸೇರಿಸು ಎಂದರೆ ಬ್ರೌಸರ್ ಅದನ್ನು ಹಳೆಯ ಜಾಗದಿಂದ ಎತ್ತಿ ಪಟ್ಟಿಯ ಕೊನೆಗೆ ಇಡುತ್ತದೆ.

ಆಳ ಇನ್ನಷ್ಟು ಕಾಣಬೇಕಾದರೆ ಹತ್ತಿರದ್ದನ್ನು ದೊಡ್ಡದಾಗಿ, ದೂರದ್ದನ್ನು ಚಿಕ್ಕದಾಗಿ ತೋರಿಸಬಹುದು. ನೋಡುವ ಕಣ್ಣು ಅಣುವಿನ ನಡುವಿನಿಂದ 12 ಆಂಗ್‌ಸ್ಟ್ರಾಂ ದೂರದಲ್ಲಿದೆ ಎಂದುಕೊಂಡು, 12ನ್ನು 12ರಿಂದ ಝಡ್ ಕಳೆದ ಸಂಖ್ಯೆಯಿಂದ ಭಾಗಿಸಿ ಗುಣಿಸಿದರಾಯಿತು. ಮುಂದೆ ಬಂದ ಸಾರಜನಕ 1.36 ಪಟ್ಟು ಹಿಗ್ಗುತ್ತದೆ, ಹಿಂದಿನದು 0.79ಕ್ಕೆ ಕುಗ್ಗುತ್ತದೆ. ವೃತ್ತದೊಳಗೆ ಒಂದು ಮೂಲೆಯಿಂದ ಬೆಳಕು ಬಿದ್ದಂತೆ ಬಣ್ಣವನ್ನು ತಿಳಿಯಿಂದ ಗಾಢಕ್ಕೆ ಹಾಯಿಸಿದರೆ ಚಪ್ಪಟೆ ಬಿಲ್ಲೆ ಗೋಲಿಯಾಗುತ್ತದೆ.

ಬೆರಳಿನ ಕೆಲಸ ಇದಕ್ಕಿಂತ ಸುಲಭ. ಮೌಸ್, ಬೆರಳು, ಪೆನ್ ಮೂರನ್ನೂ ಬ್ರೌಸರ್ ಪಾಯಿಂಟರ್ ಎಂಬ ಒಂದೇ ಹೆಸರಿನಲ್ಲಿ ಕೇಳಿಸಿಕೊಳ್ಳುತ್ತದೆ. ಒತ್ತಿದ ಜಾಗ ನೆನಪಿಟ್ಟುಕೊಂಡು, ಎಳೆದಷ್ಟು ಪಿಕ್ಸೆಲ್ಲಿಗೆ 0.01 ರೇಡಿಯನ್ ಲೆಕ್ಕದಲ್ಲಿ ತಿರುಗಿಸಿ; 157 ಪಿಕ್ಸೆಲ್ ಎಳೆದರೆ ಕಾಲು ಸುತ್ತು. ಅಡ್ಡ ಎಳೆದದ್ದು ನಿಂತ ಅಕ್ಷದ ಸುತ್ತ, ಉದ್ದ ಎಳೆದದ್ದು ಮಲಗಿದ ಅಕ್ಷದ ಸುತ್ತ. ಒಟ್ಟು ಕೋನಗಳನ್ನು ಕೂಡಿಡುವ ಬದಲು ಪ್ರತಿ ಎಳೆತಕ್ಕೂ ಈಗಿರುವ ಸ್ಥಾನಗಳನ್ನೇ ತಿರುಗಿಸುವುದು ಮೇಲು. ಕೋನ ಕೂಡಿಟ್ಟರೆ ಒಂದೆರಡು ಸುತ್ತಿನ ನಂತರ ಅಣು ಬೆರಳಿನ ಮಾತು ಕೇಳದೆ ಬೇರೆ ಕಡೆಗೆ ಹೊರಳುತ್ತದೆ. ಮೊಬೈಲಿನಲ್ಲಿ ಬೆರಳು ಎಳೆದಾಗ ಅಣುವಿನ ಬದಲು ಪುಟವೇ ಮೇಲೆ ಕೆಳಗೆ ಹೋಗದಂತೆ ಟಚ್-ಆಕ್ಷನ್ ಎಂಬ ಒಂದು ಸಾಲಿನ ತಡೆ ಹಾಕಬೇಕು.

ಈಗ ಸತುವಿನ ಅಣು. ಒಂದು ಘನಾಕೃತಿಯ ನಡುವೆ ಸತುವನ್ನು ಇಟ್ಟು, ಎಂಟು ಮೂಲೆಗಳಲ್ಲಿ ಒಂದು ಬಿಟ್ಟು ಒಂದರಂತೆ ನಾಲ್ಕನ್ನು ಆರಿಸಿ, ಆ ದಿಕ್ಕುಗಳಲ್ಲಿ ಒಂದೊಂದು ಇಂಗಾಲ, ಅದರಾಚೆ ಒಂದೊಂದು ಸಾರಜನಕ. ಒಟ್ಟು ಒಂಬತ್ತು ಪರಮಾಣು. ಸತುವಿನಿಂದ ಇಂಗಾಲಕ್ಕೆ ಸುಮಾರು 2.02 ಆಂಗ್‌ಸ್ಟ್ರಾಂ, ಅದನ್ನು 3ರ ವರ್ಗಮೂಲದಿಂದ ಭಾಗಿಸಿದರೆ ಪ್ರತಿ ಅಕ್ಷಕ್ಕೂ 1.17. ಪ್ರೋಗ್ರಾಂ ತೆರೆದ ಕ್ಷಣ ತೆರೆಯ ಮೇಲೆ ಅಚ್ಚುಕಟ್ಟಾದ ಕತ್ತರಿ ಗುರುತು ಕಾಣುತ್ತದೆ, ನಾಲ್ಕು ಕೋನಗಳೂ 90 ಡಿಗ್ರಿ. ಕಪ್ಪುಹಲಗೆಯ ಮೇಲೆ ನೋಡಿದರೆ ಚಪ್ಪಟೆ ಚೌಕ ಎಂದೇ ನಂಬಬೇಕು. ಬೆರಳು ಎಳೆದ ಕೂಡಲೇ ಎರಡು ತೋಳು ಮುಂದೆ ಬಂದು, ಎರಡು ಹಿಂದೆ ಸರಿದು, 109.5 ಡಿಗ್ರಿಯ ಚತುರ್ಮುಖಿ ಬಿಚ್ಚಿಕೊಳ್ಳುತ್ತದೆ. ಪಠ್ಯಪುಸ್ತಕದ ಚಪ್ಪಟೆ ಪುಟ ಇದನ್ನು ಹೇಳಲು ಚುಕ್ಕೆಗೆರೆ, ಬೆಣೆಗೆರೆ ಎಂದು ಹರಸಾಹಸ ಪಡುತ್ತದೆ. ರಸಾಯನಶಾಸ್ತ್ರ ಕಷ್ಟ ಎನ್ನುವ ಎಷ್ಟೋ ಮಕ್ಕಳಿಗೆ ನಿಜವಾಗಿ ಕಷ್ಟವಾದದ್ದು ಈ ಚಪ್ಪಟೆ ಪುಟವೇ.

ಬಂಧಗಳನ್ನು ಕೈಯಿಂದ ಪಟ್ಟಿ ಮಾಡುವ ಅಗತ್ಯವೂ ಇಲ್ಲ. ಪ್ರತಿ ಧಾತುವಿಗೂ ಬಂಧದ ತ್ರಿಜ್ಯ ಎಂಬುದೊಂದಿದೆ: ಚಿನ್ನಕ್ಕೆ 1.36, ಸತುವಿಗೆ 1.22, ಇಂಗಾಲಕ್ಕೆ 0.76, ಸಾರಜನಕಕ್ಕೆ 0.71. ಎರಡು ಪರಮಾಣುಗಳ ದೂರ ಅವುಗಳ ತ್ರಿಜ್ಯಗಳ ಮೊತ್ತಕ್ಕೆ 0.45 ಸೇರಿಸಿದ್ದಕ್ಕಿಂತ ಕಡಿಮೆಯಿದ್ದರೆ ಗೆರೆ ಎಳೆ, ಇಲ್ಲವಾದರೆ ಬೇಡ. ಚಿನ್ನ ಮತ್ತು ಇಂಗಾಲದ ಮೊತ್ತ 2.12; ದೂರ 2. ಗೆರೆ ಬಿತ್ತು. ಚಿನ್ನ ಮತ್ತು ಸಾರಜನಕದ ನಡುವಿನ ದೂರ 3.15, ಬೀಳಲಿಲ್ಲ. ಈ ನಿಯಮ ಬಂಧ ಇದೆಯೋ ಇಲ್ಲವೋ ಎಂದು ಹೇಳುತ್ತದೆ, ಅದು ಒಂಟಿಯೋ ಮೂರೆಳೆಯದೋ ಎಂದು ಹೇಳದು. ಆದರೆ ದೂರವನ್ನೇ ಓದಿದರೆ ಸುಳಿವು ಸಿಗುತ್ತದೆ. ಇಂಗಾಲ, ಸಾರಜನಕಗಳ ಒಂಟಿ ಬಂಧ 1.47 ಆಂಗ್‌ಸ್ಟ್ರಾಂ, ಸೈನೈಡಿನಲ್ಲಿ ಅದು 1.15ಕ್ಕೆ ಬಿಗಿದಿದೆ, ಮೂರು ಎಳೆಗಳ ಬಿಗಿ.

ಲೆಕ್ಕದ ಒಂದು ಚಿಹ್ನೆ ಮಾತ್ರ ವಿಶೇಷ ಎಚ್ಚರ ಬೇಡುತ್ತದೆ. ಗಣಿತದ ಪುಸ್ತಕದಲ್ಲಿ ವೈ ಅಕ್ಷ ಮೇಲಕ್ಕೆ ಏರುತ್ತದೆ, ಕಂಪ್ಯೂಟರ್ ತೆರೆಯಲ್ಲಿ ಕೆಳಕ್ಕೆ ಇಳಿಯುತ್ತದೆ. ಹಾಗಾಗಿ ತೆರೆಯ ಸ್ಥಾನ ಕಂಡುಹಿಡಿಯುವಾಗ ವೈ ಬೆಲೆಯನ್ನು 200ಕ್ಕೆ ಕೂಡಬಾರದು, ಕಳೆಯಬೇಕು. ಕೂಡಿದರೆ ತೆರೆಯ ಮೇಲೆ ಕಾಣುವುದು ಅಣುವಿನ ಕನ್ನಡಿ ಬಿಂಬ. ಚಿನ್ನದ ಕಡ್ಡಿಯಲ್ಲಿ, ಸತುವಿನ ಚತುರ್ಮುಖಿಯಲ್ಲಿ ಈ ತಪ್ಪು ಗೊತ್ತೇ ಆಗದು. ಅವುಗಳ ಬಿಂಬವೂ ಅವೇ. ಗೊತ್ತಾಗಬೇಕಾದರೆ ಗಣಿಯಿಂದ ಬಂಗಾರಪೇಟೆಯ ಪಾನಿಪುರಿ ಗಾಡಿಯ ಹತ್ತಿರ ಬರಬೇಕು.

ಬಂಗಾರಪೇಟೆ ಚಾಟ್ಸ್ ಎಂದು ಬೆಂಗಳೂರಿನ ಬೀದಿಬೀದಿಯಲ್ಲಿ ಬೋರ್ಡು ಹಾಕಿಸಿರುವ ಆ ಪಾನಿಯ ಹೆಗ್ಗಳಿಕೆ ಅದರ ತಿಳಿ ಬಣ್ಣ. ನೋಡಲು ಬರೀ ನೀರು, ಬಾಯಿಗಿಟ್ಟರೆ ಖಾರ. ಖಾರದ ಅಣು ಕ್ಯಾಪ್ಸೈಸಿನ್‌ಗೆ ಬಣ್ಣವಿಲ್ಲ ಎಂಬುದು ರಸಾಯನಶಾಸ್ತ್ರಕ್ಕೆ ಗೊತ್ತಿರುವ ಸತ್ಯ. ಒಣಮೆಣಸಿನಕಾಯಿಯ ಕೆಂಪು ಬೇರೆ ಅಣುಗಳದ್ದು. 49 ಪರಮಾಣುಗಳ ಕ್ಯಾಪ್ಸೈಸಿನ್ ಕೂಡ ಈ ಪ್ರೋಗ್ರಾಮಿನಲ್ಲಿ ಸಲೀಸಾಗಿ ತಿರುಗುತ್ತದೆ. ಕನ್ನಡಿಯ ಪರೀಕ್ಷೆಗೆ ಬೇಕಾದದ್ದು ಪುದೀನದ ಘಮ. ಅದನ್ನು ಕೊಡುವ ಮುಖ್ಯ ಅಣು ಕಾರ್ವೋನ್, 25 ಪರಮಾಣುಗಳದ್ದು. ಅದಕ್ಕೆ ಎಡ, ಬಲ ಎಂಬ ಎರಡು ರೂಪಗಳಿವೆ, ಎಡಗೈ ಬಲಗೈಗಳಷ್ಟೇ ವ್ಯತ್ಯಾಸ. ಒಂದು ರೂಪ ಪುದೀನದ್ದು. ಅದರ ಕನ್ನಡಿ ಬಿಂಬ ಸಬ್ಬಸಿಗೆ ಬೀಜದಲ್ಲಿದೆ, ಅದರ ವಾಸನೆಯೇ ಬೇರೆ. ಪ್ರೋಗ್ರಾಮಿನಲ್ಲಿ ಒಂದು ಕಳೆಯುವ ಚಿಹ್ನೆ ತಪ್ಪಿದರೆ ಪುದೀನ ಸಬ್ಬಸಿಗೆಯಾಗುತ್ತದೆ. ನಮ್ಮ ಮೂಗು ಹಿಡಿಯಬಲ್ಲ ಆ ವ್ಯತ್ಯಾಸವನ್ನು ತೆರೆಯ ಮೇಲೆ ಕಣ್ಣು ಹಿಡಿಯಬೇಕಾದರೆ ತಿರುಗಿಸಿ ನೋಡಲೇಬೇಕು.

ಕಾರ್ವೋನಿನಂತಹ ಅಣುವಿನ ಸ್ಥಾನಗಳನ್ನು ಕೈಯಿಂದ ಲೆಕ್ಕ ಹಾಕುವುದು ಬೇಡ. ಅಮೆರಿಕ ಸರ್ಕಾರದ ಸಂಸ್ಥೆಯೊಂದು 2004ರಿಂದ ನಡೆಸುತ್ತಿರುವ ಪಬ್‌ಕೆಮ್ ಎಂಬ ಉಚಿತ ಭಂಡಾರದಲ್ಲಿ ಅವು ಸಿಗುತ್ತವೆ. ಸ್ಥಾನಗಳನ್ನು ಬರೆದಿಡಲು ಎಕ್ಸ್‌ವೈಝಡ್ ಎಂಬ ಸರಳ ಕಡತ ರೂಪವಿದೆ: ಮೊದಲ ಸಾಲಿನಲ್ಲಿ ಪರಮಾಣುಗಳ ಸಂಖ್ಯೆ, ಎರಡನೆಯದರಲ್ಲಿ ಟಿಪ್ಪಣಿ, ಆಮೇಲೆ ಪ್ರತಿ ಸಾಲಿಗೆ ಒಂದು ಧಾತು ಮತ್ತು ಮೂರು ಸಂಖ್ಯೆ. ಇದನ್ನು ಓದಲು ಕಲಿಸಿದ ಮೇಲೆ ಪ್ರೋಗ್ರಾಂ ಯಾವ ಅಣುವಿಗೂ ಸಿದ್ಧ. ಆದರೆ ಎಸ್‌ವಿಜಿಗೆ ಮಿತಿಯಿದೆ. ಕೆಲವು ನೂರು ಪರಮಾಣುಗಳವರೆಗೆ ಅದು ಚುರುಕು. ಸಾವಿರಗಟ್ಟಲೆ ಪರಮಾಣುಗಳ ಪ್ರೋಟೀನಿಗೆ ಜೇಮಾಲ್‌ನಂತಹ ದೊಡ್ಡ ಉಚಿತ ಸಾಫ್ಟ್‌ವೇರ್‌ಗಳಿವೆ.

ಈ ಪುಟ್ಟ ಪ್ರೋಗ್ರಾಮಿನಲ್ಲಿ ಇನ್ನೊಂದು ಸೌಲಭ್ಯವಿದೆ. ಎಸ್‌ವಿಜಿಯಲ್ಲಿ ಅಕ್ಷರ ಅಕ್ಷರವಾಗಿಯೇ ಉಳಿಯುತ್ತದೆ. ಚಿನ್ನ, ಇಂಗಾಲ, ಸಾರಜನಕ ಎಂದು ಕನ್ನಡದಲ್ಲೇ ಹೆಸರು ಬರೆದರೆ ಒತ್ತಕ್ಷರ ಸಮೇತ ಸರಿಯಾಗಿ ಮೂಡುತ್ತದೆ. ಒತ್ತು ಕೆಳಗಿಳಿಯುವುದರಿಂದ ಕೆಳಗೆ ತುಸು ಜಾಗ ಬಿಟ್ಟರೆ ಸಾಕು. ಕೆಜಿಎಫ್ ಕನ್ನಡ, ತಮಿಳು, ತೆಲುಗು, ಉರ್ದು ಆಡುವವರ ಊರು. ಹೆಸರುಗಳ ಒಂದು ಸಣ್ಣ ಪಟ್ಟಿ ಬದಲಿಸಿದರೆ ಅದೇ ಅಣು ಪ್ರತಿ ಮಗುವಿನ ಮನೆಮಾತಿನಲ್ಲಿ ಮಾತಾಡುತ್ತದೆ. ಪ್ರತಿ ವೃತ್ತದೊಳಗೂ ಟೈಟಲ್ ಎಂಬ ಅಂಶದಲ್ಲಿ ವಿವರ ಬರೆದಿಟ್ಟರೆ, ಕಣ್ಣು ಕಾಣದ ವಿದ್ಯಾರ್ಥಿಗೆ ತೆರೆ ಓದುವ ಸಾಫ್ಟ್‌ವೇರ್ ಅದನ್ನು ಓದಿ ಹೇಳಬಲ್ಲದು.

ಮೂರು ಪರಮಾಣುಗಳನ್ನು ಮುಟ್ಟಿದರೆ ನಡುವಿನ ಕೋನ ಹೇಳುವಂತೆಯೂ ಮಾಡಬಹುದು. ಎರಡು ದಿಕ್ಕುಗಳ ಸಂಖ್ಯೆಗಳನ್ನು ಗುಣಿಸಿ ಕೂಡಿ, ಎರಡರ ಉದ್ದದಿಂದ ಭಾಗಿಸಿದರೆ ಕೋನದ ಕೊಸೈನ್ ಸಿಗುತ್ತದೆ. ಪರಮಾಣುಗಳ ನಡುವಿನ ಕೋನಗಳು ಏನೆಲ್ಲ ಹೇಳಬಲ್ಲವು ಎಂಬುದಕ್ಕೆ ಜಿ.ಎನ್. ರಾಮಚಂದ್ರನ್ ಅವರಿಗಿಂತ ದೊಡ್ಡ ಉದಾಹರಣೆ ನಮ್ಮಲ್ಲಿಲ್ಲ. ಪ್ರೋಟೀನಿನ ಸರಪಳಿ ಎಲ್ಲೆಲ್ಲಿ ಹೊರಳಬಲ್ಲದು ಎಂಬುದನ್ನು ಎರಡು ತಿರುಚು ಕೋನಗಳ ಒಂದೇ ನಕ್ಷೆಯಲ್ಲಿ ಅವರು ಮದರಾಸಿನಲ್ಲಿ ಸಹೋದ್ಯೋಗಿಗಳೊಂದಿಗೆ 1963ರಲ್ಲಿ ತೋರಿಸಿದರು. ಆಮೇಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಅಲ್ಲಿ ಆಣ್ವಿಕ ಜೀವಭೌತವಿಜ್ಞಾನದ ವಿಭಾಗವನ್ನು ಕಟ್ಟಿದರು. ಜಗತ್ತಿನಾದ್ಯಂತ ಪ್ರೋಟೀನ್ ರಚನೆಗಳನ್ನು ಇಂದಿಗೂ ಅವರ ಹೆಸರಿನ ನಕ್ಷೆಯ ಮೇಲೆ ಇಟ್ಟು ಪರೀಕ್ಷಿಸುತ್ತಾರೆ.

ಕೊನೆಗೆ ಆ ದಿಬ್ಬಗಳ ವಿಷಯ. ಹೆಸರು ಸೈನೈಡ್ ದಿಬ್ಬವಾದರೂ ಅಲ್ಲಿರುವುದು ಬಹುಪಾಲು ಅರೆದ ಬಂಡೆ. ಬಿಡಿ ಸೈನೈಡ್ ಗಾಳಿ ಬಿಸಿಲಿಗೆ ಕಾಲಕ್ರಮೇಣ ಒಡೆದುಹೋಗುತ್ತದೆ. ಬಂಡೆಯಲ್ಲಿದ್ದ ಬೆಣಚುಕಲ್ಲು ಒಡೆಯುವುದಿಲ್ಲ. ಅದನ್ನೂ ತೆರೆಗೆ ತರಬಹುದು. ಒಂದು ಸಿಲಿಕಾನ್, ಸುತ್ತ ನಾಲ್ಕು ಆಮ್ಲಜನಕ, ನಡುವೆ 1.61 ಆಂಗ್‌ಸ್ಟ್ರಾಂ, ಸತುವಿನ ಅಣುವಿನದೇ ಚತುರ್ಮುಖಿ ದಿಕ್ಕುಗಳು. ಆದರೆ ಇಲ್ಲಿ ಪ್ರತಿ ಆಮ್ಲಜನಕವೂ ಪಕ್ಕದ ಇನ್ನೊಂದು ಸಿಲಿಕಾನಿನ ಕೈ ಹಿಡಿದಿರುತ್ತದೆ, ಅದು ಮತ್ತೊಂದರದ್ದು. ಎಲ್ಲಿ ನಿಲ್ಲಿಸಿದರೂ ಅಂಚಿನಲ್ಲಿ ಬಂಧಗಳು ತುಂಡಾಗಿ ಉಳಿಯುತ್ತವೆ, ಏಕೆಂದರೆ ಬೆಣಚುಕಲ್ಲಿಗೆ ಇಷ್ಟೇ ಎಂದು ಹೇಳಬಹುದಾದ ಅಣುವೇ ಇಲ್ಲ. ಕಣ ಪೂರ್ತಿ ಒಂದೇ ಬಲೆ. ಈ ಬಿಗಿಯಾದ ಬಲೆಯ ನುಣುಪು ಧೂಳೇ ಗಣಿ ಕಾರ್ಮಿಕರ ಶ್ವಾಸಕೋಶದಲ್ಲಿ ಕೂತು ಸಿಲಿಕೋಸಿಸ್ ತಂದದ್ದು. ಗಾಳಿ ಬೀಸಿದಾಗ ದಿಬ್ಬದಿಂದ ಮನೆಗಳ ಮೇಲೆ ಬರುವ ಧೂಳಿನಲ್ಲಿ ಏನಿದೆ ಎಂಬುದನ್ನು ಆ ಮನೆಗಳ ಮಕ್ಕಳು ತಿಳಿದಿರಬೇಕು. ಹೆಸರಿನಲ್ಲಿರುವ ವಿಷಕ್ಕೆ ಹೆದರಿ, ಹೆಸರಿನಲ್ಲಿಲ್ಲದ ಧೂಳನ್ನು ಕಡೆಗಣಿಸುವುದು ಅಪಾಯ.

ಗಣಿಗಳು ಮುಚ್ಚಿದ್ದು 2001ರ ಫೆಬ್ರವರಿ 28ರಂದು. 1928ರಲ್ಲಿ ಸಿ.ವಿ. ರಾಮನ್ ಬೆಳಕಿನ ಚದುರುವಿಕೆಯ ತಮ್ಮ ಶೋಧ ಮಾಡಿದ ದಿನವೂ ಅದೇ. ದೇಶದ ಶಾಲೆಗಳೆಲ್ಲ ಅದನ್ನು ರಾಷ್ಟ್ರೀಯ ವಿಜ್ಞಾನ ದಿನವಾಗಿ ಆಚರಿಸುತ್ತವೆ. ಕೆಜಿಎಫ್ ಮತ್ತು ಬಂಗಾರಪೇಟೆ ತಾಲ್ಲೂಕುಗಳ ವಿಜ್ಞಾನ ಶಿಕ್ಷಕರಲ್ಲಿ ಒಂದು ಮನವಿ: ಮುಂದಿನ ಫೆಬ್ರವರಿಯ ವಸ್ತುಪ್ರದರ್ಶನಕ್ಕೆ ಥರ್ಮೊಕೋಲ್ ಜ್ವಾಲಾಮುಖಿಯ ಪಕ್ಕದಲ್ಲಿ ಒಂದು ಕಂಪ್ಯೂಟರಿಗೂ ಜಾಗ ಕೊಡಿ. ಹತ್ತನೇ ತರಗತಿಯ ಮಕ್ಕಳಿಗೆ ಈ ಐದು ಸಾಲು ಸಂಖ್ಯೆಗಳನ್ನೂ ಸೈನ್, ಕೊಸೈನ್‌ಗಳನ್ನೂ ಕೊಟ್ಟು, ಉಳಿದದ್ದನ್ನು ಬರೆಯಲು ಎರಡು ವಾರ ಬಿಡಿ. ಚಿನ್ನದ ಅಣು ತಿರುಗತೊಡಗಿದ ಮೇಲೆ ಸತುವಿನದನ್ನು, ಆಮೇಲೆ ಬೆಣಚುಕಲ್ಲಿನ ಬಲೆಯನ್ನು ಅವರೇ ಕೇಳುತ್ತಾರೆ.